ಅಮ್ಮನ ಲಿವರ್‌ನಲ್ಲಿ ಹೈಡಾಟಿಡ್ ಗುಳ್ಳೆ: ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ಸಾಕಾ?

ನೀವು ಕೇಳಿರುವುದು ಇಷ್ಟು. ಊರು ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿ. ಮನೆಯಲ್ಲಿ ಕುರಿ, ರೊಪ್ಪ ಕಾಯಲು ಎರಡು ನಾಯಿ. ಅಮ್ಮನಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್‌ನಲ್ಲಿ ಹೈಡಾಟಿಡ್ ಗುಳ್ಳೆ ಅಂತ ಬಂದಿದೆ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಜಂತುಹುಳದ ಮಾತ್ರೆಯನ್ನೇ ಅಮ್ಮನಿಗೂ ಮನೆಯವರಿಗೂ ನುಂಗಿಸಿದರೆ ಸಾಕಾ?

ಸಾಕಾಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ಇದೇ ತುಮಕೂರು ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮನುಷ್ಯರ ಡಾಕ್ಟರ್ ಅಲ್ಲ. ಆದರೆ ಈ ಕಾಯಿಲೆ ಹುಟ್ಟುವುದೇ ನಾಯಿ, ಕುರಿಗಳ ಹೊಟ್ಟೆಯಲ್ಲಿ.

ಶಾಲೆಯಲ್ಲಿ ಕೊಡುವುದು ಆಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಮಾತ್ರೆ. 2015ರಿಂದ ಫೆಬ್ರವರಿ 10ರಂದು 1ರಿಂದ 19 ವರ್ಷದವರಿಗೆ ಕೊಡುತ್ತಾ ಬಂದಿದ್ದಾರೆ. ಅದು ಕರುಳಲ್ಲಿರುವ ದುಂಡುಹುಳು, ಕೊಕ್ಕೆಹುಳುಗಳಿಗೆ. ಮಕ್ಕಳಿಗೆ ತಪ್ಪದೆ ಕೊಡಿಸಿ. ಅಮ್ಮನ ಲಿವರ್‌ನಲ್ಲಿ ಕೂತಿರುವುದು ನಾಯಿಯ ಲಾಡಿಹುಳದ ಮರಿ. ಅದಕ್ಕೂ ಆಲ್ಬೆಂಡಜೋಲ್ ಕೊಡುತ್ತಾರೆ ನಿಜ, ಆದರೆ ದಿನಕ್ಕೆ ಎರಡು ಹೊತ್ತು, ತಿಂಗಳುಗಟ್ಟಲೆ, ನಡುನಡುವೆ ರಕ್ತ ಮತ್ತು ಲಿವರ್ ಪರೀಕ್ಷೆ ಮಾಡಿಸುತ್ತಾ. ಅಂಗಡಿಯಿಂದ ತಂದು ನೀವೇ ಶುರು ಮಾಡಬೇಡಿ. ಗುಳ್ಳೆ ಎಷ್ಟು ದೊಡ್ಡದು, ಒಳಗೆ ಹುಳು ಬದುಕಿದೆಯಾ ಸತ್ತಿದೆಯಾ ಅನ್ನುವುದರ ಮೇಲೆ ಮಾತ್ರೆಯಾ, ಸೂಜಿ ಹಾಕಿ ಗುಳ್ಳೆಯ ನೀರು ತೆಗೆಯುವುದಾ, ಆಪರೇಷನ್ನಾ ಅಂತ ತೀರ್ಮಾನವಾಗುತ್ತದೆ. ಸತ್ತ ಗುಳ್ಳೆಯಾದರೆ ಸುಮ್ನೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾ ಇರುವುದೂ ಉಂಟು. ಸಾದಾ ಕೀವುಗುಳ್ಳೆ ಅಂದುಕೊಂಡು ಯಾರಾದರೂ ಚುಚ್ಚಲು ಹೋದರೆ ಮಾತ್ರ ಅಪಾಯ. ಒಳಗಿನ ನೀರು ಹೊಟ್ಟೆಗೆ ಸೋರಿದರೆ ಜೀವಕ್ಕೇ ಕುತ್ತಾಗುವಂಥ ಅಲರ್ಜಿ ಆಗಬಹುದು, ಹೊಸ ಗುಳ್ಳೆಗಳೂ ಏಳಬಹುದು. ಯಾರ ಹತ್ತಿರ ಹೋದರೂ ಸ್ಕ್ಯಾನಿಂಗ್ ರಿಪೋರ್ಟನ್ನು ಮೊದಲು ತೋರಿಸಿ.

ಇನ್ನು ನಿಮ್ಮ ಹಟ್ಟಿಯ ವಿಷಯ. ಈ ಲಾಡಿಹುಳು ಅಂದರೆ ಮಾರುದ್ದದ್ದಲ್ಲ. ನಾಯಿಯ ಕರುಳಲ್ಲಿ 2ರಿಂದ 7 ಮಿಲಿಮೀಟರ್, ಅಕ್ಕಿಕಾಳಿನಷ್ಟು. ನಾಯಿ ಸೊರಗುವುದೂ ಇಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಿದ್ದು ಹುಲ್ಲಿಗೆ, ನೀರಿಗೆ, ನಾಯಿಯ ಮೈಕೂದಲಿಗೆ ಅಂಟುತ್ತದೆ. ಕುರಿ ಹುಲ್ಲಿನ ಜೊತೆ ನುಂಗುತ್ತದೆ. ನಾವು ನಾಯಿ ಸವರಿದ ಕೈಯಲ್ಲೇ ಉಣ್ಣುತ್ತೇವೆ. ಕುರಿಯಲ್ಲೂ ನಮ್ಮಲ್ಲೂ ಅದು ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನಾಯಿಗೆ ಮತ್ತೆ ಹತ್ತುವುದು ಆ ಗುಳ್ಳೆ ತಿಂದಾಗ. ಮಟನ್ ತಿಂದು ಬಂತು ಅಂತ ಕೆಲವರು ಹೇಳುತ್ತಾರೆ, ಹಾಗೆ ಬರುವುದಿಲ್ಲ. ಅಮ್ಮನಿಂದ ನಿಮಗೂ ಅಂಟುವುದಿಲ್ಲ, ಅವರ ತಟ್ಟೆ ಲೋಟ ಬೇರೆ ಇಡುವುದು ಬೇಡ.

ಹಬ್ಬಕ್ಕೆ ಮರಿ ಕಡಿದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಲಿವರ್ ಕೊಯ್ಯುವಾಗ ನೀರುಗುಳ್ಳೆ ಸಿಗುತ್ತದೆ. ಚೆನ್ನಾಗಿಲ್ಲ ಅಂತ ಆ ತುಂಡನ್ನು ಎಸೆಯುತ್ತಾರೆ. ಬಾಲ ಆಡಿಸುತ್ತಾ ನಿಂತ ನಾಯಿ ಹಿಡಿದುಕೊಳ್ಳುತ್ತದೆ. ಸುಮಾರು ಆರೇಳು ವಾರಕ್ಕೆ ಅದರ ಕರುಳಲ್ಲಿ ಹುಳು ಮೊಟ್ಟೆ ಹಾಕಲು ಶುರು. ಇದನ್ನು ಹಟ್ಟಿಯವರ ಕೊಳಕು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಪೇಟೆಯ ಮಟನ್ ಅಂಗಡಿ ಹಿಂದೆಯೂ ನಡೆಯುವುದು ಇದೇ ಅಲ್ವಾ? ಕೆನ್ಯಾದ ತುರ್ಕಾನಾ ಅನ್ನುವ ಕುರಿಗಾಹಿ ಜನರಲ್ಲಿ ಈ ಕಾಯಿಲೆ ವಿಪರೀತ. ಐಸ್‌ಲೆಂಡಿನಂಥ ದೇಶವನ್ನೂ ಇದು ಬಿಟ್ಟಿರಲಿಲ್ಲ. 1863ರಲ್ಲಿ ಹರಾಲ್ಡ್ ಕ್ರಾಬೆ ಅನ್ನುವ ವಿಜ್ಞಾನಿ ಅಲ್ಲಿ 100 ನಾಯಿಗಳನ್ನು ಕೊಯ್ದು ನೋಡಿದ, 28ರಲ್ಲಿ ಈ ಹುಳು ಇತ್ತು. ಆಗ ಇದಕ್ಕೆ ಸರಿಯಾದ ಔಷಧಿಯೇ ಇರಲಿಲ್ಲ. ಕಿರುಹೊತ್ತಿಗೆ ಹಂಚಿದರು. ಕುರಿಯ ಗುಳ್ಳೆಯಿರುವ ಭಾಗ ನಾಯಿಗೆ ಹಾಕಬೇಡಿ, ಸುಟ್ಟುಬಿಡಿ ಅಂದರು. ಜನ ಓದಿದರು, ಹಾಗೇ ಮಾಡಿದರು, ಕಾಯಿಲೆ ಅಲ್ಲಿಂದ ಹೊರಟೇ ಹೋಯಿತು.

ನೀವೂ ಅಷ್ಟು ಮಾಡಬಹುದು. ಕುರಿ ಕಡಿಯುವ ಮುಂಚೆ ನಾಯಿ ಕಟ್ಟಿಹಾಕಿ. ಗುಳ್ಳೆ ಕಂಡ ಲಿವರ್, ಶ್ವಾಸಕೋಶವನ್ನು ಸುಡಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ ಮೇಲೆ ಕಲ್ಲು ಹೇರಿ. ರೋಗದಿಂದ ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯುವ ರೂಢಿಯಂತೂ ನಿಲ್ಲಲೇಬೇಕು. ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಬೇಕು. ಬರೀ ‘ನಾಯಿ ಜಂತಿನ ಮಾತ್ರೆ’ ಅಂತ ಕೇಳಿದರೆ ಬೇರೆ ಏನೋ ಕೊಟ್ಟುಬಿಡುತ್ತಾರೆ, ಅದರ ಹೆಸರು ಓದಿ ತೆಗೆದುಕೊಳ್ಳಿ. ನಾಯಿಯ ತೂಕ ನೋಡಿ ಡೋಸು, ಪಶುವೈದ್ಯರನ್ನು ಕೇಳಿ. ಹಟ್ಟಿಯ ಎಲ್ಲ ನಾಯಿಗಳಿಗೂ ಒಟ್ಟಿಗೆ ಕೊಟ್ಟರೆ ಲಾಭ ಜಾಸ್ತಿ. ಅಂದಹಾಗೆ, ಈ ಮಾತ್ರೆ ಬರುವ ಮೊದಲು ನ್ಯೂಜಿಲೆಂಡಿನಲ್ಲಿ ನಾಯಿಗಳಿಗೆ ಕೊಡುತ್ತಿದ್ದದ್ದು ಅರೆಕೋಲಿನ್, ಅಂದರೆ ನಮ್ಮ ಗುಬ್ಬಿ, ತಿಪಟೂರು ತೋಟದ ಅಡಿಕೆಯಲ್ಲೇ ಇರುವ ಅಂಶ. ಹಾಗಂತ ನಾಯಿಗೆ ಅಡಿಕೆ ತಿನ್ನಿಸಲು ಹೋಗಬೇಡಿ!

ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಸ್ಯಾನಿಟೈಜರ್‌ಗೆ ಈ ಮೊಟ್ಟೆ ಸಾಯುವುದಿಲ್ಲ. ಮನೆಯವರೆಲ್ಲ ಅದೇ ನಾಯಿಗಳ ಜೊತೆ ಇದ್ದವರು, ಹಾಗಾಗಿ ಅಮ್ಮನ ಡಾಕ್ಟರ್ ಹತ್ತಿರ ಮಾತಾಡಿ ಉಳಿದವರಿಗೂ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಬಹಳ ದಿನದಿಂದ ಕೆಮ್ಮು ಇರುವವರಿದ್ದರೆ ಎದೆಯ ಎಕ್ಸ್‌ರೇಯನ್ನೂ ಕೇಳಿ.