ಆ ಸೀರೆ ನೋಡಿ ನೀವು ಅತ್ತಿದ್ದು

ಸಾಗರದ ಕಡೆಯ ಓದುಗರೊಬ್ಬರು ಬರೆದ ಪತ್ರಕ್ಕೆ ಈ ಉತ್ತರ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಹೋದ ವರ್ಷ ಅವರ ಅಪ್ಪ ತೀರಿಕೊಂಡರು. ಅವತ್ತು ಇವರಿಗೆ ಅಳು ಬರಲಿಲ್ಲ. ಬಂದವರಿಗೆ ಚಾಪೆ ಹಾಸುವುದು, ಫೋನ್ ಎತ್ತುವುದು, ಅಮ್ಮನಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದು, ಇದರಲ್ಲೇ ಹದಿಮೂರು ದಿನ ಕಳೆಯಿತು. ‘ಇವಳದ್ದು ಕಲ್ಲು ಮನಸ್ಸು’ ಎಂದು ನೆಂಟರೊಬ್ಬರು ಹೇಳಿದ್ದು ಕಿವಿಗೆ ಬಿತ್ತು. ಆರು ತಿಂಗಳಾದ ಮೇಲೆ ಒಂದು ರಾತ್ರಿ ಫೋನಿನಲ್ಲಿ ಸತ್ಯಜಿತ್ ರಾಯ್ ಅವರ ಬಂಗಾಳಿ ಸಿನಿಮಾ ‘ಪಥೇರ್ ಪಾಂಚಾಲಿ’ ನೋಡುತ್ತಿದ್ದರಂತೆ. ಅದರಲ್ಲಿನ ಹುಡುಗಿ ದುರ್ಗಾ ಸತ್ತಾಗಲೂ ಸುಮ್ಮನೇ ಇದ್ದವರು, ಅವಳ ಅಪ್ಪ ಪರಊರಿಂದ ಬಂದು ಮಗಳಿಗೆ ತಂದ ಸೀರೆ ತೆಗೆದಾಗ ಬಿಕ್ಕಿ ಬಿಕ್ಕಿ ಅತ್ತರು. ‘ಹೆತ್ತ ಅಪ್ಪನಿಗೆ ಬಾರದ ಕಣ್ಣೀರು ಯಾರೋ ಬಂಗಾಳದ ಹುಡುಗಿಗೆ ಬಂತಲ್ಲ, ನನ್ನಲ್ಲಿ ಏನಾದರೂ ಊನ ಇದೆಯಾ? ಅಥವಾ ಅದೆಲ್ಲ ಬರೀ ಹಿನ್ನೆಲೆ ಸಂಗೀತದ ಮಾಯೆಯಾ? ಅಮ್ಮನಿಗೆ ಈ ಸಿನಿಮಾ ತೋರಿಸಬಹುದಾ?’ ಎಂದು ಕೇಳಿದ್ದಾರೆ.

ಊನ ಏನೂ ಇಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ.

ನೀವು ಅತ್ತ ಜಾಗ ಯಾವುದು ಅಂತ ಒಮ್ಮೆ ನೋಡಿ. ಮಳೆಯಲ್ಲಿ ನೆಂದು ಜ್ವರ ಬಂದು, ಗಾಳಿ ಬಾಗಿಲು ಬಡಿಯುವ ರಾತ್ರಿ ದುರ್ಗಾ ಹೋಗಿಬಿಡುತ್ತಾಳೆ. ಬೆಳಿಗ್ಗೆ ತಾಯಿ ಸರ್ಬಜಯಾ ಕೂತಿರುತ್ತಾಳೆ, ಅಷ್ಟೆ. ಎದೆ ಬಡಿದುಕೊಳ್ಳುವುದಿಲ್ಲ. ಆಮೇಲಿನ ದಿನಗಳಲ್ಲೂ ಮಾತಿಲ್ಲ, ಕಲ್ಲಿನ ಹಾಗೆ ಮನೆಕೆಲಸ ಮಾಡಿಕೊಂಡಿರುತ್ತಾಳೆ. ನಿಮ್ಮ ಹಾಗೇ ಅಲ್ವಾ? ಆಮೇಲೆ ಅಪ್ಪ ಹರಿಹರ ಬರುತ್ತಾನೆ. ದುಡಿಯಲು ಹೋಗಿ ತಿಂಗಳುಗಟ್ಟಲೆ ಆಗಿದೆ, ಅವನಿಗೆ ಏನೂ ಗೊತ್ತಿಲ್ಲ. ಬಿದ್ದ ಗೋಡೆ ನೋಡಿ ಪೇಚಾಡುತ್ತಾನೆ, ಮಕ್ಕಳ ಹೆಸರು ಹಿಡಿದು ಕರೆಯುತ್ತಾನೆ, ಜಗಲಿಯಲ್ಲಿ ಕೂತು ಗಂಟು ಬಿಚ್ಚಿ ತಂದದ್ದನ್ನೆಲ್ಲ ಒಂದೊಂದಾಗಿ ತೋರಿಸುತ್ತಾನೆ. ಲಟ್ಟಣಿಗೆ, ಮಣೆ. ಲಕ್ಷ್ಮಿಯ ಪಟ. ಹೆಂಡತಿ ಮಾತಾಡುವುದಿಲ್ಲ, ಇವನಿಗೆ ಅದರ ಗಮನವೂ ಇಲ್ಲ. ಕೊನೆಗೆ, ಇದು ದುರ್ಗಾಗೆ ಅಂತ ಸೀರೆ ಕೊಡುತ್ತಾನೆ. ಅವಳು ಅದನ್ನು ಕೈಗೆ ತಗೊಂಡು ಬಾಯಿಗೆ ಒತ್ತಿಕೊಳ್ಳುತ್ತಾಳೆ, ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾಳೆ. ಆಗ ಕಟ್ಟೆ ಒಡೆಯುತ್ತದೆ.

ನನ್ನ ಮಟ್ಟಿಗೆ ದುರ್ಗಾ ಸಾಯುವುದು ಆಗಲೇ. ಸಾವಿನ ಸುದ್ದಿ ಗೊತ್ತಿಲ್ಲದವರೊಬ್ಬರು ಬಂದು, ಹೋದವರ ಪಾಲಿನದ್ದನ್ನು ಎದುರಿಗೆ ಇಡುತ್ತಾರಲ್ಲ, ಆಗ.

ಸಂಗೀತದ ಮಾಯೆಯಾ ಅಂತ ಕೇಳಿದ್ದೀರಿ. ಮುಂದಿನ ಸಲ ನೋಡುವಾಗ ಕಿವಿಗೊಟ್ಟು ಕೇಳಿ. ಸರ್ಬಜಯಾ ಬಾಯಿ ತೆರೆದು ಗೋಳಾಡುತ್ತಾಳೆ, ಆದರೆ ಅವಳ ದನಿ ನಿಮಗೆ ಕೇಳಿಸುವುದಿಲ್ಲ. ಸತ್ಯಜಿತ್ ರಾಯ್ ಆ ದನಿಯನ್ನೇ ತೆಗೆದು, ಅದರ ಜಾಗದಲ್ಲಿ ತಾರ್ ಶಹನಾಯಿಯ ಏರುಸ್ವರ ಇಟ್ಟಿದ್ದಾರೆ. ಹೆಸರು ಶಹನಾಯಿ ಆದರೂ ಅದು ಊದುವ ವಾದ್ಯ ಅಲ್ಲ, ಕಮಾನಿನಿಂದ ನುಡಿಸುವ ತಂತಿವಾದ್ಯ. ಇಡೀ ಚಿತ್ರಕ್ಕೆ ಸಂಗೀತ ರವಿಶಂಕರ್ ಅವರದ್ದು. ಸಾಮಾನ್ಯವಾಗಿ ಸಂಗೀತವನ್ನು ಅಳುವಿನ ಮೇಲೆ ಹಾಕುತ್ತಾರೆ, ಸಾಲದು ಅನ್ನುವ ಹಾಗೆ. ಇಲ್ಲಿ ಅಳುವನ್ನೇ ತೆಗೆದು ಆ ಜಾಗವನ್ನು ಸ್ವರಕ್ಕೆ ಬಿಟ್ಟುಕೊಟ್ಟಿದ್ದಾರೆ. ಅವಳ ದನಿ ಕೇಳಿಸಿದ್ದರೆ ಅದು ಅವಳೊಬ್ಬಳ ಅಳು ಆಗುತ್ತಿತ್ತು, ನಾವು ಅಯ್ಯೋ ಪಾಪ ಅನ್ನುತ್ತಿದ್ದೆವು. ಕೇಳಿಸದ್ದರಿಂದ ಅಲ್ಲಿ ನಿಮ್ಮ ಅಳು ಹೋಗಿ ಕೂತಿತು. ಅದು 1955ರ ಸಿನಿಮಾ, ರಾಯ್ ಅವರ ಮೊದಲನೆಯದು. ಅದು ಹೇಗೆ ಹೊಳೆಯಿತೋ ಅಂತ ನಾನು ಇವತ್ತಿಗೂ ಬೆರಗಾಗುತ್ತೇನೆ.

ನನ್ನದೂ ಒಂದು ಹೇಳುತ್ತೇನೆ. ನಮ್ಮ ತಂದೆ ಹೋದಾಗ ನಾನೂ ಅಳಲಿಲ್ಲ. ಕೆಲಸ ಇತ್ತು, ಗಾಡಿ ಹೇಳುವುದು, ಸೌದೆ, ಪುರೋಹಿತರು, ಆಮೇಲೆ ಮರಣ ಪತ್ರಕ್ಕೆ ಓಡಾಟ. ಇಪ್ಪತ್ತು ದಿನ ಆಗಿತ್ತು. ಮಧ್ಯಾಹ್ನ ಕನ್ನಡಕದ ಅಂಗಡಿಯಿಂದ ಫೋನ್ ಬಂತು. ‘ಸಾರ್, ನಿಮ್ಮ ತಂದೆಯವರ ಕನ್ನಡಕ ರೆಡಿ ಇದೆ, ಯಾವಾಗ ಬರ್ತಾರೆ?’ ನಾನು ‘ನಾಳೆ ಬರ್ತಾರೆ’ ಅಂದುಬಿಟ್ಟೆ. ಫೋನ್ ಇಟ್ಟವನು ಆಫೀಸಿನ ಮೆಟ್ಟಿಲ ಮೇಲೆ ಕೂತೆ, ಅರ್ಧ ಗಂಟೆ ಏಳಲು ಆಗಲಿಲ್ಲ. ಆ ಅಂಗಡಿಯ ಹುಡುಗ ಹರಿಹರನ ಹಾಗೇ, ಏನೂ ತಿಳಿಯದವನು. ಅಪ್ಪನ ಪಾಲಿನದ್ದನ್ನು ತಂದು ನನ್ನ ಕೈಗಿಟ್ಟ. ಹಾಗಾಗಿ ನಿಮ್ಮ ಪತ್ರ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ.

ದೊಡ್ಡ ದುಃಖ ಇಂಥ ಸಣ್ಣ ಮನೆಮಾತಿನಲ್ಲೇ ಒಡೆಯುತ್ತದೆ ಅನ್ನುವ ಈ ಗುಟ್ಟು ನಮ್ಮ ಹಳಬರಿಗೂ ಗೊತ್ತಿತ್ತು. ಸಾವಿರ ವರ್ಷದ ಹಿಂದಿನ ರನ್ನನ ‘ಗದಾಯುದ್ಧ’ವನ್ನೇ ತಗೊಳ್ಳಿ, ಕಾಲೇಜಿನಲ್ಲಿ ಒಂದೆರಡು ಪದ್ಯ ಓದಿರುತ್ತೀರಿ. ದುರ್ಯೋಧನ ಹೆಣ ತುಂಬಿದ ಕಣದಲ್ಲಿ ಹುಡುಕುತ್ತಾ ಹೋಗಿ ತಮ್ಮ ದುಶ್ಶಾಸನನ ದೇಹದ ಮುಂದೆ ನಿಲ್ಲುತ್ತಾನೆ. ಆಗ ಅವನು ಹೇಳುವುದು ರಾಜ್ಯದ ಮಾತಲ್ಲ, ತಮ್ಮನ ಪರಾಕ್ರಮದ ಮಾತೂ ಅಲ್ಲ. ತಾಯಿಯ ಹಾಲು ಮೊದಲು ಕುಡಿದವನು ನಾನು, ಆಮೇಲೆ ನೀನು. ಉಣ್ಣುವುದರಲ್ಲೂ ನಾನು ಮೊದಲು, ನೀನು ಆಮೇಲೆ. ಚಿಕ್ಕಂದಿನಿಂದ ಆ ಸರದಿ ತಪ್ಪದ ನೀನು ಸಾಯುವುದರಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲೋ ಅನ್ನುತ್ತಾನೆ. ಅಷ್ಟು ದೊಡ್ಡ ಯುದ್ಧ, ಆದರೆ ನೆನಪಾಗಿದ್ದು ಅಣ್ಣ ತಮ್ಮಂದಿರ ಊಟದ ಸರದಿ. ಅದನ್ನು ಓದಿದ ಮೇಲೆ ದುರ್ಯೋಧನನನ್ನು ಕೆಟ್ಟವನು ಅಂತ ಸುಮ್ನೆ ತಳ್ಳಿಹಾಕಲು ನನಗೆ ಆಗಿಲ್ಲ.

ಪತ್ರದ ಕೊನೆಗೆ, ಗುಂಡು ಬಿದ್ದವರು ಹತ್ತು ನಿಮಿಷ ಡೈಲಾಗ್ ಹೇಳುವ ಸಿನಿಮಾ ನೋಡಿದರೂ ನನಗೆ ಅಳು ಬರುತ್ತದೆ, ನಾಚಿಕೆ ಆಗುತ್ತದೆ ಅಂತಲೂ ಬರೆದಿದ್ದೀರಿ. ನಾಚಿಕೆ ಯಾಕೆ? ನಿಮ್ಮ ಕಡೆ ತಾಳಮದ್ದಲೆಯಲ್ಲಿ ಕರ್ಣಪರ್ವ ಇದ್ದರೆ ಬೆಳಗಿನ ಜಾವದವರೆಗೂ ಜನ ಕೂತಿರುವುದು ಕರ್ಣನ ಕೊನೆಯ ಮಾತು ಕೇಳಲಿಕ್ಕೇ ಅಲ್ವಾ. ಸಾಯುವವರ ಬಾಯಲ್ಲಿ ಮಾತು ಇಡುವುದು ನಮ್ಮಲ್ಲಿ ಮೊದಲಿಂದ ಇದೆ. ಒಳ್ಳೆಯ ಮಾತಾಗಿದ್ದರೆ ಅದಕ್ಕೂ ಅತ್ತರೆ ತಪ್ಪಿಲ್ಲ.

ಮಾತೇ ಇಲ್ಲದ ಸಾವು ಬೇಕಿದ್ದರೆ ‘ಚೋಮನ ದುಡಿ’ ನೋಡಿ. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು, ಚೋಮನಾಗಿ ಎಂ.ವಿ. ವಾಸುದೇವ ರಾವ್. ತುಂಡು ನೆಲ ಉಳಬೇಕು ಅನ್ನುವ ಒಂದೇ ಆಸೆಯ ಮನುಷ್ಯ, ಕೊನೆಗೆ ಅದಕ್ಕೆಂದು ಸಾಕಿದ್ದ ಎತ್ತುಗಳನ್ನೂ ಕಾಡಿಗೆ ಅಟ್ಟಿ, ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಬಾರಿಸುತ್ತಾ ಸಾಯುತ್ತಾನೆ. ಅವನ ಸಿಟ್ಟು, ಸಾಲ, ಸತ್ತ ಮಕ್ಕಳು, ಎಲ್ಲ ಆ ಬಡಿತದಲ್ಲೇ ಇದೆ. ಆದರೆ ಅದನ್ನು ಈಗಲೇ ನೋಡಬೇಡಿ, ಇನ್ನೂ ಸ್ವಲ್ಪ ದಿನ ಹೋಗಲಿ.

ಅದಕ್ಕಿಂತ ಮೊದಲು ‘ಇಕಿರು’ ನೋಡಿ. ಕುರೋಸಾವಾ 1952ರಲ್ಲಿ ಮಾಡಿದ ಜಪಾನೀ ಸಿನಿಮಾ. ಹೊಟ್ಟೆಯ ಕ್ಯಾನ್ಸರ್ ಆದ ಸರ್ಕಾರಿ ಗುಮಾಸ್ತನಂಥವನೊಬ್ಬ, ಕೊಳಚೆ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕ್ ಮಾಡಿಸಿ ಸಾಯುತ್ತಾನೆ. ಸಿನಿಮಾ ಇನ್ನೂ ಸಾಕಷ್ಟು ಬಾಕಿ ಇರುವಾಗಲೇ ಅವನು ಸತ್ತ ಎಂದು ಹೇಳಿಬಿಡುತ್ತಾರೆ. ಆಮೇಲೆ ಮನೆಯಲ್ಲಿ ಸೇರಿದ ಸಹೋದ್ಯೋಗಿಗಳು ಅವನ ಬಗ್ಗೆ ಏನೇನೋ ಮಾತಾಡುತ್ತಿರುವಾಗ, ಒಬ್ಬ ಪೊಲೀಸಿನವನು ಅವನ ಟೋಪಿ ಹಿಡಿದುಕೊಂಡು ಬರುತ್ತಾನೆ. ಹಿಮ ಬೀಳುತ್ತಿತ್ತು, ಜೋಕಾಲಿಯ ಮೇಲೆ ಕೂತು ಹಾಡುತ್ತಿದ್ದರು, ಕುಡಿದಿರಬೇಕು ಅಂದುಕೊಂಡು ನಾನು ಹಾಗೇ ಬಿಟ್ಟುಬಿಟ್ಟೆ ಅನ್ನುತ್ತಾನೆ. ನೋಡಿ, ಇಲ್ಲೂ ಆ ರಾತ್ರಿ ಏನೂ ತಿಳಿಯದಿದ್ದವನೊಬ್ಬ, ಕೈಯಲ್ಲೊಂದು ಟೋಪಿ.

ಅಮ್ಮನಿಗೆ ‘ಪಥೇರ್ ಪಾಂಚಾಲಿ’ ತೋರಿಸಿ. ಫೋನಿನಲ್ಲಿ ಬೇಡ, ಟಿವಿಗೆ ಹಾಕಿ, ಹಗಲು ಹೊತ್ತಿನಲ್ಲಿ. ಹುಡುಗಿ ಸಾಯುತ್ತಾಳೆ ಅಂತ ಮೊದಲೇ ಹೇಳಿ, ನೊಂದ ಜೀವಕ್ಕೆ ದಿಢೀರ್ ಅಂತ ತೋರಿಸುವುದು ಸರಿಯಲ್ಲ. ಪಕ್ಕದಲ್ಲೇ ಕೂತಿರಿ. ಅತ್ತರೆ ಅಳಲಿ, ಸಮಾಧಾನ ಮಾಡಲು ಅವಸರ ಬೇಡ. ಸೀರೆಯ ದೃಶ್ಯ ಆದಮೇಲೆ ನಿಲ್ಲಿಸಬೇಡಿ. ಮನೆ ಖಾಲಿ ಮಾಡುವಾಗ ದುರ್ಗಾಳ ತಮ್ಮ ಅಪುವಿಗೆ ಕರಟದಲ್ಲಿ ಒಂದು ಸರ ಸಿಗುತ್ತದೆ. ಅಕ್ಕ ಕದ್ದಿಲ್ಲ ಕದ್ದಿಲ್ಲ ಎಂದು ಸಾಧಿಸಿ, ತಾಯಿಯಿಂದ ಜುಟ್ಟು ಹಿಡಿಸಿಕೊಂಡು ಏಟು ತಿಂದದ್ದು ಇದೇ ಸರಕ್ಕೆ. ಅವನು ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಅದನ್ನು ಕೆರೆಗೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಬಿಟ್ಟುಕೊಂಡು, ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೂ ಇಬ್ಬರೂ ಕೂತು ನೋಡಿ.