ಬಿಸಿಲಿಗೆ ಕಪ್ಪಾದದ್ದು, ಕ್ರೀಮಿಗೆ ಕೆಟ್ಟದ್ದು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಬಿಸಿಲಿನ ಬಗ್ಗೆಯೇ ಇವೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರ ಕೆಲವು ಪ್ರಶ್ನೆಗಳಿಗೆ ಚರ್ಮರೋಗ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಡಾಕ್ಟ್ರೇ, ಮಗಳು ದಿನಾ ಸ್ಕೂಟಿಯಲ್ಲಿ ಕಾಲೇಜಿಗೆ ಹೋಗಿಬರುತ್ತಾಳೆ. ತೋಳಿಗೆ ಒಂದು ಬಣ್ಣ, ಮುಂಗೈಗೆ ಒಂದು ಬಣ್ಣ ಆಗಿದೆ. ಮೂರು ತಿಂಗಳಲ್ಲಿ ಮದುವೆ. ನಿಂಬೆರಸ, ಕಡಲೆಹಿಟ್ಟು ಹಚ್ಚುತ್ತಿದ್ದೇವೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಕ್ರೀಮು ವಾರದಲ್ಲಿ ಬೆಳ್ಳಗೆ ಮಾಡುತ್ತದೆ ಎನ್ನುತ್ತಾರೆ. ಹಚ್ಚಬಹುದೇ? — ದಾವಣಗೆರೆಯ ತಾಯಿ

ಬೇಡಮ್ಮ. ವಾರದಲ್ಲಿ ಬೆಳ್ಳಗೆ ಮಾಡುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಇರುವುದು ಸ್ಟೆರಾಯ್ಡ್. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರು ಇದೆಯೇ ನೋಡಿ. ಅದು ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ, ಬಣ್ಣ ತಯಾರಿಸುವ ಕೋಶಗಳನ್ನು ಅದುಮಿಡುತ್ತದೆ. ಅದಕ್ಕೇ ಮೊದಲ ಹದಿನೈದು ದಿನ ಮುಖ ಹೊಳೆಯುತ್ತದೆ. ಬಿಡದೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ನಿಲ್ಲಿಸಿದರೆ ಮುಖವೆಲ್ಲ ಕೆಂಪಾಗಿ ಉರಿಯುತ್ತದೆ. ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಚೀಟಿ ಇಲ್ಲದೆ ಕೈಗೆ ಬಂದ ಕ್ರೀಮಿನಿಂದ ಮುಖ ಕೆಟ್ಟವರನ್ನು ಸರಿಮಾಡುವುದು ಬಿಸಿಲಿನ ಕಪ್ಪನ್ನು ತೆಗೆಯುವುದಕ್ಕಿಂತ ಎಷ್ಟೋ ಕಷ್ಟ. ಲೇಬಲ್ ಇಲ್ಲದ ಡಬ್ಬಿಗಳದ್ದು ಇನ್ನೊಂದು ಅಪಾಯ. ಕೆಲವದರಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡಕ್ಕೆ ಪೆಟ್ಟು.

ನಿಂಬೆರಸವನ್ನು ಇವತ್ತೇ ನಿಲ್ಲಿಸಿ. ನಿಂಬೆಯ ರಸ ಮೈಮೇಲಿರುವಾಗ ಬಿಸಿಲು ಬಿದ್ದರೆ ಎರಡೂ ಸೇರಿ ಚರ್ಮ ಸುಡುತ್ತದೆ. ಒಂದೆರಡು ದಿನದಲ್ಲಿ ಬೊಕ್ಕೆ ಏಳಬಹುದು, ಆಮೇಲೆ ರಸ ಹರಿದ ಜಾಗದಲ್ಲೇ ಕಂದು ಪಟ್ಟೆ ಉಳಿದು ತಿಂಗಳುಗಟ್ಟಲೆ ಹೋಗುವುದಿಲ್ಲ. ಕಡಲೆಹಿಟ್ಟಿನಿಂದ ಅಪಾಯವಿಲ್ಲ, ದೊಡ್ಡ ಲಾಭವೂ ಇಲ್ಲ. ಗಸಗಸ ಉಜ್ಜಿದರೆ ಮಾತ್ರ ನಮ್ಮಂಥ ಚರ್ಮ ಇನ್ನಷ್ಟು ಕಪ್ಪಾಗುತ್ತದೆ.

ಸಮಾಧಾನದ ಸಂಗತಿ ಏನೆಂದರೆ ಮೂರು ತಿಂಗಳು ಸಾಕು. ಚರ್ಮದ ಮೇಲ್ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತದೆ. ಹೊಸ ಬಿಸಿಲು ಬೀಳದಂತೆ ನೋಡಿಕೊಂಡರೆ ಈಚಿನ ಕಪ್ಪು ಒಂದೆರಡು ತಿಂಗಳಲ್ಲಿ ಬಹಳಷ್ಟು ಇಳಿಯುತ್ತದೆ, ವರ್ಷಗಳದ್ದು ನಿಧಾನ. ಸ್ಕೂಟಿಯ ಹ್ಯಾಂಡಲ್ ಹಿಡಿದಾಗ ಮುಂಗೈ ಸೂರ್ಯನಿಗೆ ಎದುರಾಗಿ ಕೂರುತ್ತದೆ. ಪೂರ್ತಿ ತೋಳಿನ ದಟ್ಟ ನೇಯ್ಗೆಯ ಹತ್ತಿ ಬಟ್ಟೆ, ಕೈಗವಸು ಇದ್ದರೆ ಅರ್ಧ ಕೆಲಸ ಮುಗಿಯಿತು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆಯ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಬಿಸಿಲೂ ಹಾಗೇ ಒಳಗೆ ಬರುತ್ತದೆ. ಶಿಫಾನ್ ದುಪಟ್ಟಾ ಧೂಳಿಗೆ ಸರಿ, ಬಿಸಿಲಿಗೆ ಸಾಲದು.

ತೋಳಿನ ಒಳಭಾಗದ ಬಣ್ಣವೇ ಮಗಳ ನಿಜವಾದ ಬಣ್ಣ. ಅದಕ್ಕಿಂತ ಬೆಳ್ಳಗೆ ಮಾಡುತ್ತೇವೆ ಎನ್ನುವವರ ಅಂಗಡಿಯಿಂದ ಎದ್ದು ಬನ್ನಿ.

ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಹಚ್ಚಿದರೂ ಕಪ್ಪಾಗುತ್ತಿದ್ದೇನೆ, ಕೆನ್ನೆಯ ಬಂಗೂ ಹೋಗಿಲ್ಲ. ನಕಲಿ ಮಾಲು ಇರಬಹುದೇ? — ಚಿತ್ರದುರ್ಗ

ಮಾಲನ್ನು ಅನುಮಾನಿಸುವ ಮೊದಲು ಅಳತೆ ನೋಡಿ. ಎಸ್‌ಪಿಎಫ್ ಎಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಎಂಬ ಅಳತೆ. ಆ ಸಂಖ್ಯೆ ಬರುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಮನೆಯಲ್ಲಿ ಹೆಚ್ಚಿನವರು ಅದರ ಕಾಲುಭಾಗದಿಂದ ಅರ್ಧದಷ್ಟು ಹಚ್ಚುತ್ತಾರೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿ, ಅಷ್ಟೂ ಮುಖ ಮತ್ತು ಕತ್ತಿಗೆ ಬೇಕು. ತೂಕದಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗ್ರಾಂ. ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಇಪ್ಪತ್ತು ದಿನಕ್ಕೆ ಖಾಲಿಯಾಗಬೇಕು. ನಿಮ್ಮದು ಮೂರು ತಿಂಗಳು ಬರುತ್ತಿದ್ದರೆ ಕಾರಣ ಅಲ್ಲೇ ಇದೆ.

ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್, ಹಚ್ಚಿ ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು ಹೊರಡಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿದರೆ ಆಗಲೇ. ಕಿವಿ, ಕತ್ತಿನ ಹಿಂಭಾಗ ಎಲ್ಲರೂ ಮರೆಯುವ ಜಾಗಗಳು. ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ, ಕಾವಿಗೆ ಕ್ರೀಮು ಒಡೆದು ನೀರು ಬೇರೆ, ಎಣ್ಣೆ ಬೇರೆ ಆಗುತ್ತದೆ.

ಇನ್ನು ಸಂಖ್ಯೆಯ ಆಸೆ. ಸರಿಯಾಗಿ ಹಚ್ಚಿದ 30 ಸುಡುವ ಕಿರಣಗಳಲ್ಲಿ ಸುಮಾರು ಶೇ. 97ನ್ನು ತಡೆದರೆ 50 ತಡೆಯುವುದು ಶೇ. 98. ದುಬಾರಿ 50ನ್ನು ಕಂಜೂಸಿ ಮಾಡಿ ಹಚ್ಚುವುದಕ್ಕಿಂತ ಅಗ್ಗದ 30ನ್ನು ಧಾರಾಳವಾಗಿ ಹಚ್ಚುವುದೇ ಲೇಸು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿ-ಬಿ ಎಂಬ ಈ ಸುಡುವ ಕಿರಣದ ಲೆಕ್ಕ. ಕಪ್ಪಾಗಿಸುವುದರಲ್ಲಿ ಯುವಿ-ಎ ಎಂಬ ಇನ್ನೊಂದು ಕಿರಣದ ಪಾಲೂ ದೊಡ್ಡದು, ಅದು ಕಾರಿನ, ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಅದಕ್ಕೆ ಪಿಎ ಎಂದು ಬರೆದ ಮುಂದೆ ಮೂರು ಅಥವಾ ನಾಲ್ಕು ಕೂಡು ಚಿಹ್ನೆ ಇರುವುದನ್ನು ಆರಿಸಿ. ಬಂಗಿಗೆ ಇನ್ನೊಂದು ತೊಡಕು: ಕಣ್ಣಿಗೆ ಕಾಣುವ ಬೆಳಕೂ ಅದನ್ನು ಹೆಚ್ಚಿಸುತ್ತದೆ, ಸಾದಾ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ಕೇಳಿ.

ವಯಸ್ಸು 58, ಶೇಂಗಾ ಹೊಲದ ಕೆಲಸ. ಮೂರು ವರ್ಷದಿಂದ ಮುಖ, ಕತ್ತು ಕಪ್ಪಾಗಿ ದಪ್ಪಗಾಗಿದೆ, ವಿಪರೀತ ತುರಿಕೆ. ಬಿಸಿಲಿಗೆ ಜಾಸ್ತಿ. ಬಿಸಿಲಿನ ಅಲರ್ಜಿ ಅಂತಾರೆ. — ಚಳ್ಳಕೆರೆ ತಾಲ್ಲೂಕಿನ ರೈತರು

ಬಿಸಿಲಿನ ಮೇಲೆ ತಪ್ಪು ಹೊರಿಸುವ ಮುಂಚೆ ಬದುವಿನ ಕಡೆ ನೋಡಿ ಯಜಮಾನ್ರೇ, ಕಾಂಗ್ರೆಸ್ ಗಿಡ ಇದೆಯೇ? 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡ ಈ ಪಾರ್ಥೇನಿಯಂ ಈಗ ನಮ್ಮ ಹೊಲ, ರಸ್ತೆ ಬದಿಯೆಲ್ಲ ತುಂಬಿದೆ. ಒಣಗಿದ ಗಿಡದ ಪುಡಿ, ರೋಮ ಗಾಳಿಯಲ್ಲಿ ಹಾರಿ ಮೈಮೇಲೆ ಕೂತು ಅಲರ್ಜಿ ಎಬ್ಬಿಸುತ್ತದೆ.

ಎರಡನ್ನೂ ಬೇರ್ಪಡಿಸಲು ಕನ್ನಡಿ ಸಾಕು. ಬರೀ ಬಿಸಿಲಿನದಾದರೆ ಬಿಸಿಲು ತಾಗದ ಜಾಗಗಳು ಚೆನ್ನಾಗಿ ಉಳಿದಿರುತ್ತವೆ: ಕಣ್ಣಿನ ಮೇಲಿನ ರೆಪ್ಪೆ, ಕಿವಿಯ ಹಿಂದೆ, ಗದ್ದದ ಕೆಳಗೆ, ಕತ್ತಿನ ಮಡಿಕೆಗಳ ಒಳಗೆ. ಗಿಡದ ಪುಡಿ ಮಡಿಕೆಯೊಳಗೂ ಸೇರುವುದರಿಂದ ಅಲ್ಲೇ, ಮೊಣಕೈ ಮಡಚುವಲ್ಲಿ ಕೂಡ, ತುರಿಕೆ ಜೋರು. ವರ್ಷಗಳು ಕಳೆದಂತೆ ಎರಡೂ ಬೆರೆಯುತ್ತವೆ, ಗಿಡದಿಂದ ಶುರುವಾದದ್ದು ಬಿಸಿಲನ್ನೂ ಸಹಿಸದಂತಾಗುತ್ತದೆ. ನಿಮ್ಮದು ಆ ಹಂತದಲ್ಲಿರುವಂತೆ ಕಾಣುತ್ತದೆ.

ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಅನುಮಾನದ ಪದಾರ್ಥ ಹಚ್ಚಿದ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಮತ್ತೊಮ್ಮೆ. ಅಷ್ಟು ದಿನ ಬೆನ್ನಿಗೆ ನೀರು ಹಾಕುವಂತಿಲ್ಲ. ರೋಗ ಹಳೆಯದಾಗಿದ್ದರೆ ದೇಹದ ರೋಗನಿರೋಧಕ ಶಕ್ತಿಯನ್ನು ಅದುಮಿಡುವ ಅಜಥಯೋಪ್ರಿನ್‌ನಂಥ ಮಾತ್ರೆ ಬೇಕಾಗಬಹುದು, ಅದನ್ನು ಆಗಾಗ ರಕ್ತಪರೀಕ್ಷೆ ಮಾಡಿಸದೆ ನುಂಗುವಂತಿಲ್ಲ. ಗಿಡ ಕೀಳುವ ಕೆಲಸ ಮನೆಯಲ್ಲಿ ಬೇರೆಯವರು ಮಾಡಲಿ, ಹೂಬಿಡುವ ಮೊದಲೇ, ಕೈಗವಸು ಹಾಕಿಕೊಂಡು. ಹೊಲದಿಂದ ಬಂದಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ. ತೊಳೆದ ಬಟ್ಟೆಯನ್ನು ಬೇಲಿ ಮೇಲೆ ಹರವಬೇಡಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿ ಜೊತೆಗಿರಲಿ. ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆಗಳು ಕೆಲವರಿಗೆ ಬಿಸಿಲನ್ನು ಆಗದಂತೆ ಮಾಡುತ್ತವೆ.

ಕಪ್ಪು ಚರ್ಮಕ್ಕೆ ಕ್ಯಾನ್ಸರ್ ಬರುವುದಿಲ್ಲವಂತೆ, ನಿಜವೇ? ಅಪ್ಪನ ಅಂಗಾಲಿನಲ್ಲಿ ಒಂದು ಕಪ್ಪು ಕಲೆ ಇದೆ, ಆಣಿ ಎಂದು ಸುಮ್ಮನಿದ್ದಾರೆ. — ಹರಿಹರ

ಅರ್ಧ ನಿಜ. ಆ ಉಳಿದರ್ಧ ಅಪ್ಪನ ಅಂಗಾಲಿನಲ್ಲಿ ಇರಬಹುದು, ಅದಕ್ಕೇ ತಡಮಾಡಬೇಡಿ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವುದರಿಂದ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಆಸ್ಟ್ರೇಲಿಯಾದಲ್ಲಿ ಅದು ಮನೆಮಾತು. 1981ರಿಂದಲೇ ಅಲ್ಲಿ ಅಂಗಿ ತೊಡಿ, ಕ್ರೀಮು ಹಚ್ಚಿ, ಟೋಪಿ ಹಾಕಿ ಎಂದು ಪ್ರಚಾರ ನಡೆದಿದೆ. ಕಂದು ಬಣ್ಣಕ್ಕಾಗಿ ಬಿಳಿಯರು ಮಲಗುತ್ತಿದ್ದ, ಯುವಿ ದೀಪಗಳಿರುವ ಹಾಸಿಗೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2009ರಲ್ಲಿ ತಂಬಾಕಿನ ಸಾಲಿಗೇ ಸೇರಿಸಿತು. ಅವರಿಗೆ ಕಪ್ಪಾಗುವ ಹುಚ್ಚು, ನಮಗೆ ಬೆಳ್ಳಗಾಗುವ ಹುಚ್ಚು. ಕ್ರೀಮು ಮಾರುವವರಿಗೆ ಎರಡೂ ಕಡೆ ವ್ಯಾಪಾರ.

ನಮ್ಮಂಥವರಲ್ಲಿ ಮೆಲನೋಮಾ ಎಂಬ ಕೆಟ್ಟ ಕ್ಯಾನ್ಸರ್ ಬರುವುದು ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ, ಅಂದರೆ ಬಿಸಿಲೇ ಕಾಣದ ಕಡೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳ ಉಗುರಿನಡಿ ಶುರುವಾದ ಇದೇ ರೋಗದಿಂದ. ಇದನ್ನು ಸನ್‌ಸ್ಕ್ರೀನ್ ತಡೆಯುವುದಿಲ್ಲ, ಕಣ್ಣಿಟ್ಟು ನೋಡುವುದೊಂದೇ ದಾರಿ. ಕಲೆಯ ಅಂಚು ಸೊಟ್ಟಪಟ್ಟ ಇದೆಯೇ, ಒಂದೇ ಕಲೆಯಲ್ಲಿ ಎರಡು-ಮೂರು ಬಣ್ಣ ಇದೆಯೇ, 6 ಮಿ.ಮೀ.ಗಿಂತ ದೊಡ್ಡದೇ, ಈಚಿನ ತಿಂಗಳುಗಳಲ್ಲಿ ಬೆಳೆದಿದೆಯೇ, ರಕ್ತ ಒಸರುತ್ತದೆಯೇ ನೋಡಿ. ಉಗುರಿನಲ್ಲಿ ಅಗಲವಾಗುತ್ತಿರುವ ಒಂದೇ ಕಪ್ಪು ಗೆರೆ, ಅದರ ಬುಡದ ಚರ್ಮಕ್ಕೂ ಹಬ್ಬಿದ ಕಪ್ಪು ಕಂಡರೆ ಆ ವಾರವೇ ತೋರಿಸಿ. ಆಣಿ ಒತ್ತಿದರೆ ನೋಯುತ್ತದೆ, ನಡುವೆ ಗಟ್ಟಿ ತಿರುಳಿರುತ್ತದೆ. ಮೆಲನೋಮಾ ಮೊದಮೊದಲು ನೋಯುವುದೇ ಇಲ್ಲ. ಬ್ಲೇಡಿನಿಂದ ಕೆರೆಯುವುದು, ಆಣಿ ಪಟ್ಟಿ ಹಾಕಿ ಸುಡುವುದು ಬೇಡ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಅನುಮಾನ ಬಂದರೆ ಜಾಗ ಮರಗಟ್ಟಿಸಿ ಬಯಾಪ್ಸಿ ಮಾಡುತ್ತಾರೆ, ಅಂದರೆ ಚೂರು ತೆಗೆದು ಪರೀಕ್ಷಿಸುತ್ತಾರೆ. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಹೆದರಿ ಹಿಂದೆ ಸರಿಯುವವರಿಂದಲೇ ರೋಗ ಕೈಮೀರುತ್ತದೆ.

ಅತ್ತೆಯವರಿಗೆ ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗ ಕಪ್ಪಾಗಿ, ಈಗ ಮಾಯದ ಹುಣ್ಣಾಗಿದೆ. — ಜಗಳೂರು

ತೋರಿಸಲೇಬೇಕು. ವರ್ಷಾನುಗಟ್ಟಲೆ ಬಿಗಿ ಲಾಡಿ ಒಂದೇ ಗೆರೆಯಲ್ಲಿ ಉಜ್ಜಿ, ಬೆವರಿಗೆ ಹುಣ್ಣಾಗಿ, ಅದೇ ಹುಣ್ಣು ಕ್ಯಾನ್ಸರಿಗೆ ತಿರುಗಿದ್ದು ಭಾರತದ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಪಂಚೆ ಬಿಗಿದು ಕಟ್ಟುವವರಲ್ಲೂ ಇದೆ. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹೊಸದಾಗಿ ಎದ್ದ ಹುಣ್ಣಿಗೂ ಇದೇ ಮಾತು. ನಾಲ್ಕರಿಂದ ಆರು ವಾರದಲ್ಲಿ ಮಾಯದ ಹುಣ್ಣಿಗೆ ಮುಲಾಮು ಬದಲಿಸುತ್ತಾ ಕೂರಬಾರದು. ಬರೀ ಕಪ್ಪು ಗೆರೆ ಇದ್ದವರು ಲಾಡಿಯ ಬದಲು ಅಗಲ ಪಟ್ಟಿಯ ಲಂಗ ಹೊಲಿಸಿಕೊಳ್ಳಲಿ, ಮನೆಯಲ್ಲಿ ಸಡಿಲವಾಗಿ ಕಟ್ಟಲಿ.

ಶಾಲೆ ಮಕ್ಕಳನ್ನು ಕೋಟೆಗೆ ಕರೆದೊಯ್ಯುತ್ತೇವೆ. ಎಷ್ಟು ಹೊತ್ತಿನವರೆಗೆ ಕ್ಷೇಮ? — ಚಿತ್ರದುರ್ಗದ ಶಿಕ್ಷಕರು

ನೆರಳು ನೋಡಿ. ಮಗುವಿನ ನೆರಳು ಮಗುವಿಗಿಂತ ಗಿಡ್ಡಗಾದರೆ ಕಿರಣ ತೀಕ್ಷ್ಣವಾಯಿತೆಂದು ಅರ್ಥ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಿಮ್ಮೂರಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಅದೂ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿನಲ್ಲಿ. ಆದ್ದರಿಂದ ಬೆಳಿಗ್ಗೆ ಬೇಗ ಹತ್ತಿ ಒಂಬತ್ತೂವರೆಯೊಳಗೆ ಇಳಿಯುವುದು ಒಳ್ಳೆಯದು. ಬೆಟ್ಟದ ಗಾಳಿ, ತೆಳುಮೋಡ ನಂಬಬೇಡಿ. ಗಾಳಿ ಸೆಕೆ ತಗ್ಗಿಸುತ್ತದೆ, ಕಿರಣ ತಗ್ಗಿಸುವುದಿಲ್ಲ. ಕ್ರಿಕೆಟ್ ಟೋಪಿ ಕಿವಿ, ಕತ್ತು ಮುಚ್ಚದು, ಸುತ್ತ ಅಂಚಿರುವ ಟೋಪಿ ಹಾಕಿಸಿ.

ತರಗತಿಯಲ್ಲಿ ಹುಟ್ಟಿನಿಂದಲೇ ಕೂದಲು, ಚರ್ಮ ಬೆಳ್ಳಗಿರುವ, ಅಂದರೆ ಆಲ್ಬಿನಿಸಂ ಇರುವ ಮಗು ಇದ್ದರೆ ಮೇಲಿನ ಯಾವ ಸಡಿಲಿಕೆಯೂ ಆ ಮಗುವಿಗೆ ಅನ್ವಯಿಸುವುದಿಲ್ಲ. ಬಿಸಿಲಿನ ಕ್ಯಾನ್ಸರ್ ಅಂಥವರಿಗೆ ಚಿಕ್ಕ ವಯಸ್ಸಿನಲ್ಲೇ ಬರಬಲ್ಲದು. ಪೂರ್ತಿ ತೋಳಿನ ಅಂಗಿ, ಪ್ಯಾಂಟು, ಸನ್‌ಸ್ಕ್ರೀನ್, ಕಪ್ಪು ಕನ್ನಡಕಕ್ಕೆ ಶಾಲೆಯ ಸಮವಸ್ತ್ರದ ನಿಯಮ ಅಡ್ಡ ಬರದಿರಲಿ. ಬಯಲಿನ ಪ್ರಾರ್ಥನೆಗೆ ಆ ಮಗುವನ್ನು ಮರದ ನೆರಳಲ್ಲಿ ನಿಲ್ಲಿಸಿ.