ಟೇಪು ಹಿಡಿಯದೆ ಹೇಳಿದ ನಾನೂರು

ಪ್ರಶ್ನೆ: ನನಗೆ 29 ವರ್ಷ. ದಾವಣಗೆರೆಯವಳು, ಬೆಂಗಳೂರಿನಲ್ಲಿ ಕೆಲಸ. ಎತ್ತರ 5 ಅಡಿ 2 ಅಂಗುಲ, ತೂಕ 47 ಕೆ.ಜಿ. ಎದೆ ಮೊದಲಿನಿಂದಲೂ ಸಪಾಟು. ಮದುವೆಯ ರವಿಕೆಗೆ ಅಳತೆ ಕೊಡಲು ಹೋದಾಗ ‘ಕಪ್ ಇಟ್ಟು ಹೊಲಿಯಲೇ?’ ಎಂದು ಟೈಲರ್ ನಾಲ್ಕು ಜನರ ಎದುರು ಕೇಳಿದರು. ಸ್ತನ ದೊಡ್ಡದಾಗಿ ಕಾಣಲು ಒಳಗೆ ಇಂಪ್ಲಾಂಟ್ ಹಾಕಿಸಿಕೊಳ್ಳುವ, ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿದ್ದ ವಿಚಾರ ಅಂದು ಗಟ್ಟಿಯಾಯಿತು. ಒಬ್ಬ ಸರ್ಜನ್, ಸ್ತನದ ಬುಡದ ಅಗಲ 11.5 ಸೆಂ.ಮೀ. ಎಂದು ಚೀಟಿಯಲ್ಲಿ ಬರೆದು, 240ರಿಂದ 270 ಸಿಸಿ ಸಾಕು ಎಂದರು. ಇನ್ನೊಂದು ಕ್ಲಿನಿಕ್ಕಿನ ಸಲಹೆಗಾರ್ತಿ ಫೋಟೊ ನೋಡಿ, ‘ಚಿಕ್ಕದು ಹಾಕಿಸಿಕೊಂಡವರು ಆಮೇಲೆ ಕೊರಗುತ್ತಾರೆ, 400 ಹಾಕಿಸಿ’ ಎಂದರು. ಅಲ್ಲಿ 25,000 ರೂಪಾಯಿ ಮುಂಗಡ ಕೊಟ್ಟಿದ್ದೇನೆ. ತಿಂಗಳ ಕೊನೆಯೊಳಗೆ ಮಾಡಿಸಿದರೆ ರಿಯಾಯಿತಿಯಂತೆ. 350 ಹಾಕಿಸಿಕೊಂಡ ಗೆಳತಿ ಚೆನ್ನಾಗಿಯೇ ಇದ್ದಾಳೆ. ಮದುವೆಗೆ ಮೂರು ತಿಂಗಳಿದೆ. ಯಾರಿಗೂ ಹೇಳಿಲ್ಲ. ಯಾವ ಗಾತ್ರ ಸುರಕ್ಷಿತ?
– ಹೆಸರು ಬೇಡ

ಉತ್ತರ: ನಾಲ್ಕು ಜನರ ಎದುರು ಹಾಗೆ ಕೇಳಿದ ಟೈಲರ್ ಮೇಲೆ ನನಗೂ ಸಿಟ್ಟು ಬಂತು. ಆದರೂ ಒಂದು ವಿಷಯಕ್ಕೆ ಅವರನ್ನು ಮೆಚ್ಚಬೇಕು. ಬಾಯಿ ತೆರೆಯುವ ಮೊದಲು ಅವರು ಟೇಪು ಹಿಡಿದಿದ್ದರು. ನಿಮಗೆ 400 ಎಂದ ಸಲಹೆಗಾರ್ತಿ ಅಷ್ಟನ್ನೂ ಮಾಡಲಿಲ್ಲ.

‘ಇದೆಲ್ಲ ನಿಮಗೇಕೆ’ ಎಂದು ಕೇಳುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ, ನಾನು ಕೇಳುವುದಿಲ್ಲ. ನಾನು ಶಸ್ತ್ರವೈದ್ಯೆಯೂ ಅಲ್ಲ. ಅಳತೆ ತೆಗೆದ ಸರ್ಜನ್ ಏಕೆ ಆ ಸಂಖ್ಯೆ ಹೇಳಿದರು ಎಂಬುದನ್ನು ಮಾತ್ರ ಬಿಡಿಸಿ ಹೇಳಬಲ್ಲೆ.

ಸಿಸಿ ಎಂದರೆ ಮಿಲಿಲೀಟರೇ; ಒಳಗೆ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ, ಆಕಾರದ ಲೆಕ್ಕವಲ್ಲ. ಒಂದೇ ಸೇರು ಅಕ್ಕಿಯನ್ನು ತಟ್ಟೆಗೆ ಸುರಿದರೆ ಒಂದು ರೂಪ, ಚೊಂಬಿಗೆ ಸುರಿದರೆ ಇನ್ನೊಂದು. 300 ಸಿಸಿಯ ಇಂಪ್ಲಾಂಟ್ ಅಗಲವಾಗಿ ತಗ್ಗಾಗಿಯೂ ಸಿಗುತ್ತದೆ, ಕಿರಿದಾಗಿ ಉಬ್ಬಿಯೂ ಸಿಗುತ್ತದೆ. ಆದ್ದರಿಂದ ಗೆಳತಿಯ 350 ಅವಳ ಎದೆಗೆ ಉತ್ತರ, ನಿಮ್ಮದಕ್ಕಲ್ಲ. ‘ಸಿ ಕಪ್ ಮಾಡಿಕೊಡುತ್ತೇವೆ’ ಎಂಬ ಭರವಸೆಯನ್ನೂ ನಂಬಬೇಡಿ. ಒಂದು ಕಂಪನಿಯ ಸಿ ಇನ್ನೊಂದರ ಬಿ ಆಗಿರುವುದನ್ನು ಒಳಉಡುಪು ಕೊಳ್ಳುವ ಯಾವ ಹೆಣ್ಣಿಗೆ ಹೇಳಿಕೊಡಬೇಕು?

ಚೀಟಿಯಲ್ಲಿರುವ ಆ 11.5 ಸೆಂ.ಮೀ. ಇಡೀ ವ್ಯವಹಾರದ ಬೇಲಿ. ಇಂಪ್ಲಾಂಟಿನ ಬುಡ ಅದರೊಳಗೆ ಕೂರಬೇಕು. 400 ಸಿಸಿಯನ್ನು ಅಲ್ಲಿ ಕೂರಿಸಲು ಇರುವುದು ಎರಡೇ ದಾರಿ. ಒಂದು, ಬೇಲಿ ದಾಟುವುದು: ಪಕ್ಕದಲ್ಲಿ ಕಂಕುಳಿನತ್ತ ಸರಿಯುತ್ತದೆ, ನಡುವೆ ಎರಡೂ ಸ್ತನಗಳು ಒಂದಕ್ಕೊಂದು ಕೂಡಿಕೊಂಡಂತೆ ಕಾಣುವ ಅಪಾಯವೂ ಉಂಟು. ಇನ್ನೊಂದು, ಮುಂದಕ್ಕೆ ಚಾಚಿಸುವುದು. ಆಗ ಚರ್ಮ ಎಳೆದುಕೊಳ್ಳುತ್ತದೆ, ಒಳಗಿನ ಅಂಗಾಂಶ ತೆಳುವಾಗುತ್ತದೆ, ವರ್ಷ ಕಳೆದಂತೆ ಭಾರಕ್ಕೆ ಕೆಳಗಿನ ಮಡಿಕೆ ಸಡಿಲಾಗಿ ಇಂಪ್ಲಾಂಟ್ ಇಳಿದುಬಿಡುತ್ತದೆ. ಭಾರ ಎಂದೆ, 400 ಸಿಸಿಯ ಸಿಲಿಕೋನ್ ಇಂಪ್ಲಾಂಟ್ ಒಂದೊಂದೂ ಹೆಚ್ಚುಕಡಿಮೆ 400 ಗ್ರಾಂ ತೂಗುತ್ತದೆ. 47 ಕೆ.ಜಿ.ಯ ದೇಹದ ಮೇಲೆ ಮುಕ್ಕಾಲು ಕಿಲೋ ಮೀರಿದ ಹೊರೆ, ಹಗಲೂ ರಾತ್ರಿಯೂ.

ಸರ್ಜನ್ ಎದೆಯ ಮೇಲ್ಭಾಗವನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡಿದ್ದರೆ ಅದಕ್ಕೂ ಕಾರಣವಿದೆ. ಆ ಮಡಿಕೆ 2 ಸೆಂ.ಮೀ.ಗಿಂತ ತೆಳ್ಳಗಿದ್ದರೆ ಸಾಮಾನ್ಯವಾಗಿ ಇಂಪ್ಲಾಂಟನ್ನು ಸ್ನಾಯುವಿನ ಅಡಿ ಇಡುತ್ತಾರೆ. ಇಲ್ಲದಿದ್ದರೆ ಅಂಚು ಎದ್ದು ಕಾಣುತ್ತದೆ, ಬಾಗಿದಾಗ ನಿರಿಗೆಗಳು ತೋರುತ್ತವೆ. ನಿಮ್ಮಂಥ ತೆಳ್ಳಗಿನ ಮೈಗೆ ಇದು ಸಣ್ಣ ಮಾತಲ್ಲ.

ಸಲಹೆಗಾರ್ತಿ ಪೂರ್ತಿ ಸುಳ್ಳು ಹೇಳಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಇನ್ನೂ ಸ್ವಲ್ಪ ದೊಡ್ಡದು ಹಾಕಿಸಬಹುದಿತ್ತು ಎನ್ನುವವರು ಇದ್ದಾರೆ. ಆ ಆಸೆಯನ್ನು ಬೇಲಿಯೊಳಗೇ ತೀರಿಸಿಕೊಳ್ಳಬಹುದು: 240ಕ್ಕೂ 270ಕ್ಕೂ ನಡುವೆ ಮನಸ್ಸು ತೂಗಿದರೆ 270 ತೆಗೆದುಕೊಳ್ಳಿ.

ಅದಕ್ಕೂ ಮೊದಲು ಅಡುಗೆಮನೆಗೆ ಹೋಗಿ. ಮಿಲಿಲೀಟರ್ ಗುರುತಿರುವ ಅಳತೆಯ ಲೋಟದಲ್ಲಿ 270ರ ಗೆರೆಯವರೆಗೆ ಅಕ್ಕಿ ತುಂಬಿ, ತೆಳುವಾದ ಕಾಲುಚೀಲಕ್ಕೆ ಸುರಿದು ಗಂಟು ಕಟ್ಟಿ. ಅಂಥವು ಎರಡು ಮಾಡಿ, ಒಂದು ಸೈಜ್ ದೊಡ್ಡದಾದ ಸ್ಪೋರ್ಟ್ಸ್ ಬ್ರಾದೊಳಗೆ ಇಟ್ಟು ಭಾನುವಾರವಿಡೀ ಮನೆಯಲ್ಲಿ ಓಡಾಡಿ. ಬಟ್ಟೆ ಒಣಹಾಕಿ, ಮೆಟ್ಟಿಲು ಹತ್ತಿ, ಕಚೇರಿಗೆ ಹಾಕುವ ಅಂಗಿ ತೊಟ್ಟು ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಲ್ಲಿ. ಮುಂದಿನ ಭಾನುವಾರ 400. ಸ್ನಾಯುವಿನಡಿ ಇಟ್ಟದ್ದು ಹೊರಗೆ ಇದಕ್ಕಿಂತ ಕೊಂಚ ಕಡಿಮೆ ಕಾಣುತ್ತದೆ, ಆದರೆ ಭಾರ ಭಾರವೇ. ಸಂಜೆ ಐದಕ್ಕೆ ನಿಮ್ಮ ಭುಜ ಏನು ಹೇಳುತ್ತದೆ ಕೇಳಿ.

ಸುರಕ್ಷಿತ ಗಾತ್ರ ಎಂಬುದಿದೆ. ಒಮ್ಮೆ ಹಾಕಿಸಿ ಮರೆತುಬಿಡಬಹುದಾದ ಇಂಪ್ಲಾಂಟ್ ಮಾತ್ರ ಇಲ್ಲ. ಇವು ಜೀವನಪೂರ್ತಿ ಬಾಳುವ ವಸ್ತುಗಳಲ್ಲ ಎಂದು ರೋಗಿಗೆ ಮೊದಲೇ ತಿಳಿಸಬೇಕೆಂದು ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಕಡ್ಡಾಯ ಮಾಡಿತು. ಸಿಲಿಕೋನಿನದಾದರೆ ಒಳಗೆ ಒಡೆದಿದೆಯೇ ಎಂದು ನೋಡಲು ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಬುದು ಅದರ ಸಲಹೆ. ಸೌಂದರ್ಯದ ಶಸ್ತ್ರಚಿಕಿತ್ಸೆಗೆ ನಮ್ಮ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲವಾದ್ದರಿಂದ ಮುಂದಿನ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಕಂಪನಿ, ಮಾದರಿ, ಕ್ರಮಸಂಖ್ಯೆ ಇರುವ ಕಾರ್ಡನ್ನು ಕೇಳಿ ಪಡೆದು ಒಡವೆಯ ಜೊತೆ ಬೀರುವಿನಲ್ಲಿಡಿ. ಪಿಐಪಿ ಎಂಬ ಫ್ರೆಂಚ್ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕೋನನ್ನು ತುಂಬುತ್ತಿದ್ದುದು 2010ರಲ್ಲಿ ಬಯಲಾದಾಗ, ತಮ್ಮೊಳಗಿರುವುದು ಯಾವುದು ಎಂದು ತಿಳಿಯುವುದೇ ಹೆಂಗಸರ ಮೊದಲ ಚಿಂತೆಯಾಗಿತ್ತು.

ಕತ್ತಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಪದವಿ ಮಾಡಿರಬೇಕು. ಅರಿವಳಿಕೆ ತಜ್ಞರು, ತುರ್ತುನಿಗಾ ಘಟಕ ಇರುವ ಆಸ್ಪತ್ರೆ ಆಗಬೇಕು. 2022ರ ಮೇ ತಿಂಗಳಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ಬಳಿಕ ಬೆಂಗಳೂರಿನಲ್ಲಿ ಕಿರುತೆರೆಯ ಎಳೆಯ ನಟಿಯೊಬ್ಬರು ತೀರಿಕೊಂಡದ್ದು ನಿಮಗೂ ನೆನಪಿರಬಹುದು. ಅವರೂ ಮನೆಯವರಿಗೆ ಹೇಳದೆ ಹೋಗಿದ್ದರು ಎಂದು ಪತ್ರಿಕೆಗಳು ಬರೆದಿದ್ದವು.

ಆದ್ದರಿಂದ ಒಬ್ಬರಿಗಾದರೂ ಹೇಳಿ. ಅಪ್ಪಣೆ ಕೇಳಲು ಅಲ್ಲ. ಮೊದಲ ಕೆಲವು ದಿನ ತಲೆಯ ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಲೂ ಇನ್ನೊಬ್ಬರ ಕೈ ಬೇಕು. ಅಮ್ಮನಿಗೆ ಹೇಳಲಾಗದಿದ್ದರೆ ಆ ಗೆಳತಿಗೆ ಹೇಳಿ. ಮದುವೆಯಾಗುವ ಹುಡುಗನಿಗೂ ತಿಳಿಸುವುದು ಒಳ್ಳೆಯದು, ಆ ಸ್ಕ್ಯಾನುಗಳೆಲ್ಲ ಅವನ ಮನೆಯಿಂದಲೇ ಹೋಗಿಬರಬೇಕಾದವು. ಮಕ್ಕಳ ಯೋಚನೆ ಹತ್ತಿರದಲ್ಲೇ ಇದ್ದರೆ ಬಾಣಂತನ ಮುಗಿಯುವವರೆಗೆ ಕಾಯಿರಿ ಎಂಬುದು ನನ್ನ ಅಭಿಪ್ರಾಯ; ಬಸಿರು ಮತ್ತು ಹಾಲೂಡಿಸುವಿಕೆ ಈ ಎಲ್ಲ ಅಳತೆಗಳನ್ನು ತಿದ್ದಿ ಬರೆಯುತ್ತವೆ. ಈಗಲೇ ಬೇಕೆಂದರೆ ಗಾಯವನ್ನು ಸ್ತನದ ಕೆಳಮಡಿಕೆಯಲ್ಲಿ ಮಾಡಲು ಕೇಳಿ. ತೊಟ್ಟಿನ ಸುತ್ತ ಕೊಯ್ದರೆ ಮುಂದೆ ಹಾಲೂಡಿಸಲು ತೊಡಕಾಗುವ ಸಂಭವ ಹೆಚ್ಚು.

ಮದುವೆಯ ತಾರೀಖನ್ನಂತೂ ಇದಕ್ಕೆ ಗಡುವು ಮಾಡಬೇಡಿ. ಊತ ಇಳಿದು ಇಂಪ್ಲಾಂಟ್ ತನ್ನ ಜಾಗದಲ್ಲಿ ಕೂರಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಈಗ ಹಾಕಿಸಿಕೊಂಡರೆ ಮುಹೂರ್ತದ ರವಿಕೆಗೆ ಯಾವ ಅಳತೆ ಕೊಡುತ್ತೀರಿ?

ಇನ್ನು ಆ 25,000. ರದ್ದು ಮಾಡುತ್ತಿದ್ದೇನೆ, ಹಣ ಹಿಂತಿರುಗಿಸಿ ಎಂದು ಇಂದೇ ಬರವಣಿಗೆಯಲ್ಲಿ ಕಳುಹಿಸಿ, ರಸೀದಿಯ ಪ್ರತಿ ಲಗತ್ತಿಸಿ. ಕೊಟ್ಟರೆ ಸಂತೋಷ. ಸತಾಯಿಸಿದರೆ ಗ್ರಾಹಕರ ಆಯೋಗಕ್ಕೆ ಬರೆಯಿರಿ. ಹಣ ಸಿಕ್ಕಿಹಾಕಿಕೊಂಡಿದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಆ ಮೇಜಿನ ಮೇಲೆ ಮಲಗಬೇಡಿ.